ನಿಮಗಿದು ಗೊತ್ತೇ? ಡಿಸ್ಕ್ ಸಿಗದೆ ಬೂಟ್ ನಿಲ್ಲಿಸಿದ ಸರ್ವರ್

ಚೆನ್ನಾಗಿ ಓಡುತ್ತಿದ್ದ ಲಿನಕ್ಸ್ ಸರ್ವರ್ ರೀಬೂಟ್ ಆದಮೇಲೆ ಎದ್ದು ಬರಲಿಲ್ಲವೆಂದರೆ, ಎಷ್ಟೋ ಸಲ ಅದಕ್ಕೆ ಕಾರಣ ಒಂದೇ ಒಂದು ಸಾಲು. ಇಟಿಸಿ ಡೈರೆಕ್ಟರಿಯಲ್ಲಿರುವ ಎಫ್‌ಎಸ್‌ಟ್ಯಾಬ್ ಎಂಬ ಪುಟ್ಟ ಫೈಲಿನ ಸಾಲು. ಯಾವ ಡಿಸ್ಕು ಯಾವ ಡೈರೆಕ್ಟರಿಯಲ್ಲಿ ಮೌಂಟ್ ಆಗಬೇಕೆಂದು ಹೇಳುವ ಪಟ್ಟಿ ಅದು. ಇದರ ಪೂರ್ವಜ ಮೊದಲು ಕಾಣಿಸಿಕೊಂಡದ್ದು 1980ರ 4.0 ಬಿಎಸ್‌ಡಿ ಯುನಿಕ್ಸ್‌ನಲ್ಲಿ. ಇವತ್ತಿನ ಲಿನಕ್ಸ್‌ನಲ್ಲಿ ಸಾಲಿಗೆ ಆರು ಕಲಂ: ಡಿಸ್ಕ್ ಯಾವುದು, ಎಲ್ಲಿ ಸೇರಬೇಕು, ಫೈಲ್ ಸಿಸ್ಟಂ ಯಾವ ಬಗೆಯದು, ಷರತ್ತುಗಳೇನು, ಡಂಪ್ ಬ್ಯಾಕಪ್‌ಗೆ ಸೇರಬೇಕೇ, ಬೂಟ್ ಆಗುವಾಗ ತಪಾಸಣೆ ಎಷ್ಟನೆಯ ಸರದಿಯಲ್ಲಿ.

ಈ ಫೈಲಿನೊಳಗಿನ ತಪ್ಪು ಬರೆದ ದಿನ ಗೊತ್ತಾಗುವುದಿಲ್ಲ. ಮಾರ್ಚ್‌ನಲ್ಲಿ ಯಾರೋ ಹೊಸ ಡಿಸ್ಕ್ ಸೇರಿಸುವಾಗ ಒಂದಕ್ಷರ ತಪ್ಪಿರುತ್ತಾರೆ, ಸರ್ವರ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಅಕ್ಟೋಬರ್‌ನಲ್ಲಿ ಕರ್ನಲ್ ಅಪ್‌ಡೇಟ್‌ಗೆಂದು ರೀಬೂಟ್ ಮಾಡಿದಾಗ ಆ ಅಕ್ಷರ ಎದುರಿಗೆ ಬಂದು ನಿಲ್ಲುತ್ತದೆ, ದೂರು ಮಾತ್ರ ಕರ್ನಲ್ ಮೇಲೆ ಬೀಳುತ್ತದೆ. ಹಾಗಾಗಿ ಬೂಟ್ ಕೆಟ್ಟ ದಿನ ಕೇಳಬೇಕಾದ ಪ್ರಶ್ನೆ, ಹಿಂದಿನ ರೀಬೂಟ್‌ನಿಂದ ಈಚೆಗೆ ಏನೇನು ಬದಲಾಯಿತು ಎಂಬುದು. ಇವತ್ತು ಏನು ಮಾಡಿದಿರಿ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕೂತು ಬೇರೆ ಖಂಡಗಳ ಸರ್ವರ್‌ಗಳನ್ನು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವ ಕನ್ನಡದ ಹುಡುಗ ಹುಡುಗಿಯರಿಗೆ ಇದು ದಿನನಿತ್ಯದ ಕೆಲಸ. ಅವರಿಗೆ ಮೊದಲು ಹೇಳಬೇಕಾದ ಮಾತೊಂದಿದೆ. ಡಿಸ್ಕ್ ಸಿಗದೆ ನಿಂತ ಸರ್ವರ್‌ನಲ್ಲಿ ಡೇಟಾ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತದೆ. ಡೇಟಾ ಹಾಳಾಗುವುದು ಆಮೇಲಿನ ಅರ್ಧ ಗಂಟೆಯ ಆತುರದಲ್ಲಿ. ಕೆಳಗಿನ ಸಂಗತಿಗಳಲ್ಲಿ ಹೆಚ್ಚಿನವು ಆ ಅರ್ಧ ಗಂಟೆಗೆ ಸಂಬಂಧಿಸಿದವು.

ಪರದೆಯ ಮೇಲೆ ಕೊನೆಗೆ ಯಾವ ಪ್ರಾಂಪ್ಟ್ ಉಳಿದಿದೆ ಎಂಬುದೇ ಅರ್ಧ ರೋಗನಿರ್ಣಯ ಎಂದು ನಿಮಗೆ ಗೊತ್ತೇ? 'ಗ್ರಬ್ ರೆಸ್ಕ್ಯೂ' ಎಂದಿದ್ದರೆ ಬೂಟ್‌ಲೋಡರ್‌ಗೆ ತನ್ನದೇ ಫೈಲುಗಳು ಸಿಕ್ಕಿಲ್ಲ. 'ಕರ್ನಲ್ ಪ್ಯಾನಿಕ್' ಎಂಬುದರ ಜೊತೆ 'ಅನ್‌ನೋನ್ ಬ್ಲಾಕ್ 0,0' ಎಂದಿದ್ದರೆ ಕರ್ನಲ್ ಮೆಮೊರಿಗೆ ಬಂದಿದೆ, ಆದರೆ ರೂಟ್ ಡಿಸ್ಕನ್ನು ಗುರುತಿಸಲು ಅದರ ಬಳಿ ಏನೂ ಇಲ್ಲ. ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಫೈಲ್ ಸಿಸ್ಟಂ ಲೋಡ್ ಆಗದಿದ್ದಾಗ ಸಾಮಾನ್ಯವಾಗಿ ಕಾಣುವ ಸಂದೇಶವಿದು. ಉಬುಂಟು, ಡೆಬಿಯನ್‌ಗಳಲ್ಲಿ ಪ್ರಾಂಪ್ಟಿನ ಜಾಗದಲ್ಲೇ 'ಇನಿಟ್‌ರಾಮ್‌ಎಫ್‌ಎಸ್' ಎಂದು ಕಂಡರೆ, ರೆಡ್ ಹ್ಯಾಟ್ ಬಳಗದಲ್ಲಿ 'ಡ್ರಾಕಟ್' ಎಂದು ಕಂಡರೆ, ಅಲ್ಲಿಯವರೆಗೂ ಎಲ್ಲ ಸರಿ ಬಂದು ರೂಟ್ ಪಾರ್ಟಿಷನ್ ಸಿಗದೆ ನಿಂತಿದೆ ಎಂದರ್ಥ. 'ವೆಲ್‌ಕಮ್ ಟು ಎಮರ್ಜೆನ್ಸಿ ಮೋಡ್' ಎಂದಿದ್ದರೆ ಸಮಾಧಾನ ಪಡಿ: ರೂಟ್ ಡಿಸ್ಕ್ ಸಿಕ್ಕಿದೆ, ಬಹುಶಃ ಬೇರೊಂದು ಡಿಸ್ಕ್ ಮಾತ್ರ ಕೈಕೊಟ್ಟಿದೆ. ಎಫ್‌ಎಸ್‌ಟ್ಯಾಬ್ ತಪ್ಪುಗಳು ಹೆಚ್ಚಾಗಿ ಬಂದು ನಿಲ್ಲುವುದು ಇಲ್ಲಿಯೇ. ಸರಿಪಡಿಸಲು ಸುಲಭವಾದದ್ದೂ ಇದೇ.

ಪರದೆಯ ಮೇಲೆ ಒಂದು ಕೆಂಪು ನಕ್ಷತ್ರ ಎಡಕ್ಕೂ ಬಲಕ್ಕೂ ಓಡಾಡುತ್ತ 'ಒಂದು ನಿಮಿಷ 30 ಸೆಕೆಂಡ್' ಎಂದು ಎಣಿಸುವುದನ್ನು ಕಂಡಿದ್ದೀರಾ? ಅದು ಸಿಸ್ಟಮ್‌ಡಿಯ ಕಾಯುವಿಕೆ. ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಶುರುಮಾಡಿದ ಸಿಸ್ಟಮ್‌ಡಿ, ಪ್ರತಿ ಬೂಟ್‌ನಲ್ಲೂ ಎಫ್‌ಎಸ್‌ಟ್ಯಾಬ್ ಓದಿ ಒಂದೊಂದು ಸಾಲಿಗೂ ಒಂದೊಂದು ಮೌಂಟ್ ಯೂನಿಟ್ ತಯಾರಿಸುತ್ತದೆ. ಪಟ್ಟಿಯಲ್ಲಿರುವ ಡಿಸ್ಕ್ ಕಾಣದಿದ್ದರೆ 90 ಸೆಕೆಂಡ್ ಕಾಯುತ್ತದೆ. ಆಮೇಲೂ ಬಾರದಿದ್ದರೆ ಸ್ಥಳೀಯ ಡಿಸ್ಕ್‌ಗಳೆಲ್ಲ ಸಿದ್ಧವಾಗಿಲ್ಲವೆಂದು ತೀರ್ಮಾನಿಸಿ ಎಮರ್ಜೆನ್ಸಿ ಮೋಡ್‌ಗೆ ಇಳಿಯುತ್ತದೆ. ಫೋಟೋ ಬ್ಯಾಕಪ್ ಇಡುವ ಯುಎಸ್‌ಬಿ ಡಿಸ್ಕ್ ಕಳಚಿಕೊಂಡಿದ್ದರೂ ಇಡೀ ಸರ್ವರ್ ನಿಲ್ಲುವುದು ಈ ನಿಯಮದಿಂದಲೇ. ಕಠಿಣ ಅನ್ನಿಸಬಹುದು. ಆದರೆ ಕಳಚಿಕೊಂಡದ್ದು ಡೇಟಾಬೇಸ್ ಇದ್ದ ಡಿಸ್ಕ್ ಆಗಿದ್ದರೆ ನಿಂತದ್ದೇ ಸರಿ.

ಎಮರ್ಜೆನ್ಸಿ ಮೋಡ್‌ನಲ್ಲಿ ಕಂಟ್ರೋಲ್-ಡಿ ಒತ್ತಿದರೆ ಬೂಟ್ ಮುಂದುವರಿಯುತ್ತದೆ ಎಂದು ಪರದೆ ಹೇಳುತ್ತದೆ. ಕಾರಣ ಹಾಗೇ ಇದ್ದರೆ ಮತ್ತೆ ಅದೇ ಪರದೆಗೆ ಬಂದು ನಿಲ್ಲುತ್ತೀರಿ. ಅದರ ಬದಲು ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಎಂದು ಕೇಳಿ, ಬಿದ್ದುಹೋದ ಮೌಂಟ್ ಯಾವುದೆಂದು ಹೆಸರು ಹಿಡಿದು ಹೇಳುತ್ತದೆ. ಇನ್ನೂ ವಿವರ ಬೇಕಾದರೆ 'ಜರ್ನಲ್‌ಸಿಟಿಎಲ್ -ಎಕ್ಸ್‌ಬಿ'.

ಆ ಪಾಸ್‌ವರ್ಡೇ ಇಲ್ಲದಿದ್ದರೆ? ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟರೆ ಆ ಖಾತೆಗೆ ಬೀಗ ಬೀಳುತ್ತದೆ, ಎಲ್ಲ ಕೆಲಸ ಸುಡೋ ಮೂಲಕ. ದಿನನಿತ್ಯಕ್ಕೆ ಒಳ್ಳೆಯ ವ್ಯವಸ್ಥೆ. ಎಮರ್ಜೆನ್ಸಿ ಮೋಡ್‌ನಲ್ಲಿ ಮಾತ್ರ 'ರೂಟ್ ಅಕೌಂಟ್ ಈಸ್ ಲಾಕ್ಡ್' ಎಂಬ ಸಂದೇಶ ಬಂದು ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ 'ಇನಿಟ್=/ಬಿನ್/ಬ್ಯಾಶ್' ಎಂದು ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಬೇಕು. ಸಿಸ್ಟಮ್‌ಡಿಯ ಬದಲು ನೇರವಾಗಿ ಶೆಲ್ ತೆರೆದುಕೊಳ್ಳುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಕನ್ಸೋಲ್ ಮುಟ್ಟಬಲ್ಲ ಯಾರಾದರೂ ಹೀಗೆ ಒಳಬರಬಹುದು ಎಂಬುದನ್ನೂ ಗಮನಿಸಿ. ಗ್ರಬ್‌ಗೆ ಪಾಸ್‌ವರ್ಡ್ ಇಡುವುದು, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವುದು ಏಕೆ ಮುಖ್ಯವೆಂದು ಇಲ್ಲಿ ತಿಳಿಯುತ್ತದೆ.

ಒಳಗೆ ಹೋದಮೇಲೂ ಫೈಲ್ ಸೇವ್ ಆಗದಿದ್ದರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ರೂಟ್ ಫೈಲ್ ಸಿಸ್ಟಂ ಬೂಟ್‌ನ ಆರಂಭದಲ್ಲಿ ಸಾಮಾನ್ಯವಾಗಿ ಓದಲು ಮಾತ್ರ ಮೌಂಟ್ ಆಗಿರುತ್ತದೆ, ತಪಾಸಣೆ ಮುಗಿದ ಮೇಲಷ್ಟೇ ಬರೆಯಲು ಅನುಮತಿ. 'ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ /' ಎಂದರೆ ಬೀಗ ತೆರೆಯುತ್ತದೆ. ತಪ್ಪು ಸಾಲನ್ನು ಅಳಿಸಬೇಡಿ. ಮುಂದೆ ಒಂದು ಹ್ಯಾಷ್ ಚಿಹ್ನೆ ಹಾಕಿದರೆ ಸಾಕು, ಕಾರಣ ಹುಡುಕುವಾಗ ಆ ಸಾಲು ಬೇಕಾಗುತ್ತದೆ.

ಎಫ್‌ಎಸ್‌ಟ್ಯಾಬ್‌ನ ನಾಲ್ಕನೇ ಕಲಂನಲ್ಲಿ 'ನೋಫೇಲ್' ಎಂದು ಬರೆದರೆ ಆ ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲುವುದಿಲ್ಲ. ಅಮೆಜಾನ್‌ನ ಇಸಿ2 ಕೈಪಿಡಿಯೂ ಹೆಚ್ಚುವರಿ ಡಿಸ್ಕ್‌ಗಳಿಗೆ ಇದನ್ನೇ ಸೂಚಿಸುತ್ತದೆ. ಆದರೆ ಈ ಪದವನ್ನು ಎಲ್ಲ ಸಾಲಿಗೂ ಅಂಟಿಸುವ ರೂಢಿ ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯೋಚಿಸಿ: ಡೇಟಾಬೇಸ್ ಡಿಸ್ಕ್ ಮೌಂಟ್ ಆಗಲಿಲ್ಲ, ನೋಫೇಲ್ ಇದ್ದದ್ದರಿಂದ ಬೂಟ್ ಮುಂದುವರಿಯಿತು. ಮೌಂಟ್ ಆಗಬೇಕಿದ್ದ ಜಾಗದಲ್ಲಿ ಈಗ ಇರುವುದು ರೂಟ್ ಡಿಸ್ಕಿನ ಖಾಲಿ ಡೈರೆಕ್ಟರಿ. ಕೆಲವು ಅಪ್ಲಿಕೇಷನ್‌ಗಳು ಖಾಲಿ ಜಾಗ ಕಂಡ ಕೂಡಲೇ ಹೊಸ ಡೇಟಾ ಫೈಲುಗಳನ್ನು ಸೃಷ್ಟಿಸಿ ಕೆಲಸ ಆರಂಭಿಸುತ್ತವೆ. ಗ್ರಾಹಕರು ಹೊಸ ದಾಖಲೆ ತುಂಬುತ್ತಾರೆ, ಹಳೆಯದು ಕಾಣುವುದಿಲ್ಲ. ಮರುದಿನ ಯಾರೋ ಡಿಸ್ಕನ್ನು ಸರಿಪಡಿಸಿ ಮೌಂಟ್ ಮಾಡುತ್ತಾರೆ, ಹಳೆಯದು ಬರುತ್ತದೆ, ಹೊಸದು ಮಾಯ. ಅಳಿಸಿಹೋಗಿಲ್ಲ, ಮೌಂಟ್‌ನ ಕೆಳಗೆ ಅಡಗಿದೆ. ಎರಡು ಕಡೆಯ ದಾಖಲೆಗಳನ್ನು ಕೂಡಿಸುವ ಕಷ್ಟದ ಮುಂದೆ ಒಂದು ರಾತ್ರಿ ಬೂಟ್ ನಿಂತದ್ದು ಏನೇನೂ ಅಲ್ಲ.

ಇದಕ್ಕೆ ಎರಡು ಕಾವಲುಗಳಿವೆ, ಎರಡೂ ಸರಳ. ಡೇಟಾಬೇಸ್‌ನ ಸಿಸ್ಟಮ್‌ಡಿ ಯೂನಿಟ್‌ನಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂದು ಬರೆದು ಡೈರೆಕ್ಟರಿಯ ಹೆಸರು ಕೊಟ್ಟರೆ, ಆ ಡಿಸ್ಕ್ ಮೌಂಟ್ ಆಗದ ಹೊರತು ಸೇವೆ ಆರಂಭವಾಗುವುದಿಲ್ಲ. ಎರಡನೆಯದು, ಡಿಸ್ಕ್ ಕಳಚಿರುವಾಗ ಆ ಖಾಲಿ ಡೈರೆಕ್ಟರಿಗೆ 'ಸಿಎಚ್‌ಎಟಿಟಿಆರ್ +ಐ' ಕೊಡುವುದು. ಆಮೇಲೆ ರೂಟ್ ಬಳಕೆದಾರನೂ ಅದರೊಳಗೆ ಫೈಲ್ ಹುಟ್ಟಿಸಲಾರ. ಅದರ ಮೇಲೆ ಮೌಂಟ್ ಮಾಡಲು ಮಾತ್ರ ಅಡ್ಡಿಯಿಲ್ಲ.

ಎಸ್‌ಡಿಎ, ಎಸ್‌ಡಿಬಿ ಎಂಬವು ಡಿಸ್ಕಿನ ಹೆಸರುಗಳೇ ಅಲ್ಲ ಎಂದು ನಿಮಗೆ ಗೊತ್ತೇ? ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಕ್ರಮಸಂಖ್ಯೆಯಂತೆ, ಕರ್ನಲ್‌ಗೆ ಯಾರು ಮೊದಲು ಕಂಡರೋ ಅವರು ಎಸ್‌ಡಿಎ. ಮುಂದಿನ ಬೂಟ್‌ನಲ್ಲಿ ಸಾಲು ಬದಲಾಗಬಹುದು. ಎನ್‌ವಿಎಂಇ ಡಿಸ್ಕ್‌ಗಳ ಅಂಕಿಗಳಿಗೂ ಇದೇ ಮಾತು. ಅದಕ್ಕೇ ಯುಯುಐಡಿ ಬಳಸುವುದು. ಅದು ಫೈಲ್ ಸಿಸ್ಟಂ ಒಳಗೇ ಬರೆದಿಟ್ಟ 128 ಬಿಟ್‌ನ ಗುರುತು, ಹೈಫನ್ ಸೇರಿ 36 ಅಕ್ಷರ. ಎಫ್‌ಎಟಿ ಪಾರ್ಟಿಷನ್‌ಗೆ ಮಾತ್ರ ಎಂಟೇ ಅಕ್ಷರದ ಚಿಕ್ಕ ಗುರುತು, ನಡುವೆ ಒಂದು ಹೈಫನ್. ಯುಇಎಫ್‌ಐ ಬೂಟ್ ಪಾರ್ಟಿಷನ್‌ನ ಸಾಲು ಗಿಡ್ಡವಾಗಿ ಕಾಣುವುದು ಈ ಕಾರಣಕ್ಕೆ, ಅದನ್ನು ತಪ್ಪೆಂದು ತಿದ್ದಬೇಡಿ.

ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದರೆ ಯುಯುಐಡಿ ಹೊಸದಾಗುತ್ತದೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೆಯದೇ ಉಳಿಯುತ್ತದೆ. ಡಿಡಿ ಕಮಾಂಡ್‌ನಿಂದ ಡಿಸ್ಕ್ ನಕಲು ಮಾಡಿದರೆ ತದ್ವಿರುದ್ಧ, ಎರಡು ಡಿಸ್ಕ್‌ಗೂ ಒಂದೇ ಗುರುತು. ಎಕ್ಸ್‌ಎಫ್‌ಎಸ್ ಇಂಥ ಜೋಡಿಯನ್ನು ಒಟ್ಟಿಗೆ ಮೌಂಟ್ ಮಾಡಲು ಒಪ್ಪುವುದಿಲ್ಲ, 'ನೋಯುಯುಐಡಿ' ಎಂದು ಹೇಳಿಯೇ ಒಪ್ಪಿಸಬೇಕು.

ಡೈರೆಕ್ಟರಿಯ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಎಫ್‌ಎಸ್‌ಟ್ಯಾಬ್ ಅದನ್ನು ಕಲಂ ಮುಗಿಯಿತೆಂದು ಓದುತ್ತದೆ. ಖಾಲಿ ಜಾಗದ ಬದಲು ಬ್ಯಾಕ್‌ಸ್ಲ್ಯಾಷ್ ಹಾಕಿ 040 ಎಂದು ಬರೆಯಬೇಕು.

ಇಲ್ಲದ ಸ್ವಾಪ್ ಪಾರ್ಟಿಷನ್‌ನ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ಬೂಟ್ ನಿಲ್ಲುವುದಿಲ್ಲ, 90 ಸೆಕೆಂಡ್ ತಡವಾಗುತ್ತದೆ ಅಷ್ಟೆ.

ಎಂಡಿ0 ಎಂದಿದ್ದ ರೇಡ್ ಸರಣಿ ರೀಬೂಟ್ ನಂತರ ಎಂಡಿ127 ಎಂದು ಎದ್ದು ಬಂದರೆ ಗಾಬರಿ ಬೇಡ. ಅದರ ವಿವರ ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಸಂರಚನಾ ಫೈಲಿನಲ್ಲಿ ಇರಲಿಲ್ಲ ಎಂಬುದಷ್ಟೇ ಅದರ ಅರ್ಥ. ಇಲ್ಲೂ ಯುಯುಐಡಿ ಬಳಸಿದ್ದವರಿಗೆ ತೊಂದರೆಯಿಲ್ಲ.

ಬೂಟ್ ಪಾರ್ಟಿಷನ್ ಹಳೆಯ ಕರ್ನಲ್‌ಗಳಿಂದ ತುಂಬಿಹೋದರೆ ಹೊಸ ಇನಿಟ್‌ರಾಮ್‌ಎಫ್‌ಎಸ್ ಅರ್ಧ ಬರೆದು ನಿಲ್ಲಬಹುದು. ಅಪ್‌ಡೇಟ್ ಆದ ಕೂಡಲೇ ಬೂಟ್ ಕೆಟ್ಟರೆ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅಷ್ಟರಲ್ಲೇ ಕೆಲಸ ಮುಗಿಯುವುದುಂಟು.

ಈಗ ಫೈಲ್ ಸಿಸ್ಟಂ ತಪಾಸಣೆ ಮಾಡಿ ತಿದ್ದುವ ಎಫ್‌ಎಸ್‌ಸಿಕೆ ಕಮಾಂಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೌಂಟ್ ಆಗಿ ಬರೆಯುತ್ತಿರುವ ಫೈಲ್ ಸಿಸ್ಟಂ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಚೆನ್ನಾಗಿದ್ದದ್ದೂ ಕೆಡುತ್ತದೆ. ಕರ್ನಲ್ ತನ್ನ ಮೆಮೊರಿಯಲ್ಲಿರುವ ಚಿತ್ರ ನಂಬಿ ಬರೆಯುತ್ತಿರುತ್ತದೆ, ಎಫ್‌ಎಸ್‌ಸಿಕೆ ಅದೇ ಹೊತ್ತಿಗೆ ಡಿಸ್ಕಿನ ಮೇಲೆ ಬೇರೆಯೇ ತಿದ್ದುತ್ತಿರುತ್ತದೆ. ಆದ್ದರಿಂದ ಮೊದಲು ಅನ್‌ಮೌಂಟ್. ರೂಟ್ ಡಿಸ್ಕ್ ಆದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಇಎಕ್ಸ್‌ಟಿ4 ಆದರೆ 'ಇ2ಎಫ್‌ಎಸ್‌ಸಿಕೆ -ಎನ್' ಎಂದು ಶುರುಮಾಡಿ, ಏನನ್ನೂ ಮುಟ್ಟದೆ ದೋಷಗಳನ್ನು ಓದಿ ಹೇಳುತ್ತದೆ. ನಾಲ್ಕಾರು ದೋಷ ಕಂಡರೆ ಸರಿಪಡಿಸಲು ಬಿಡಬಹುದು. ಪುಟಗಟ್ಟಲೆ ದೋಷ ಹರಿದುಬಂದರೆ ಅಲ್ಲಿಗೇ ನಿಲ್ಲಿಸಿ, ಡಿಸ್ಕಿನ ಪೂರ್ತಿ ಇಮೇಜ್ ತೆಗೆದಿಟ್ಟುಕೊಂಡೇ ಮುಂದಿನ ಮಾತು.

ಎಕ್ಸ್‌ಎಫ್‌ಎಸ್ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಅದು ಏನೂ ಮಾಡದೆ 'ಯಶಸ್ವಿ' ಎಂದು ವರದಿ ಕೊಟ್ಟು ಹೊರಬರುತ್ತದೆ! ಅದನ್ನು ಹಾಗೆಯೇ ಬರೆದಿದ್ದಾರೆ. ಎಸ್‌ಜಿಐ ಕಂಪನಿ 1990ರ ದಶಕದಲ್ಲಿ ತನ್ನ ಐರಿಕ್ಸ್ ವ್ಯವಸ್ಥೆಗಾಗಿ ಕಟ್ಟಿದ ಈ ಫೈಲ್ ಸಿಸ್ಟಂ 2014ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಿಂದ ಅಲ್ಲಿನ ಡೀಫಾಲ್ಟ್. ಬಾಕಿ ಉಳಿದ ಬರವಣಿಗೆಯನ್ನು ಮೌಂಟ್ ಆಗುವಾಗ ತನ್ನ ಲಾಗ್‌ನಿಂದ ತಾನೇ ಪೂರೈಸಿಕೊಳ್ಳುತ್ತದೆ. ನಿಜವಾದ ರಿಪೇರಿಗೆ 'ಎಕ್ಸ್‌ಎಫ್‌ಎಸ್ ರಿಪೇರ್' ಎಂಬ ಬೇರೆ ಸಾಧನ. ಲಾಗ್‌ನಲ್ಲಿ ಬಾಕಿ ಇದ್ದರೆ ಅದು ಕೆಲಸ ಮಾಡಲು ಒಪ್ಪದೆ, ಮೊದಲು ಒಮ್ಮೆ ಮೌಂಟ್ ಮಾಡಿ ಎನ್ನುತ್ತದೆ. ಅಲ್ಲಿ '-ಎಲ್' ಎಂಬ ಆಯ್ಕೆ ಕೊಟ್ಟರೆ ಲಾಗ್ ಪೂರ್ತಿ ಅಳಿಸಿಹೋಗುತ್ತದೆ, ಬಾಕಿ ಬರವಣಿಗೆಯೂ ಅದರೊಂದಿಗೆ ಹೋಗುತ್ತದೆ. ಎಲ್ಲ ದಾರಿ ಮುಚ್ಚಿದ ಮೇಲೆ ಬಳಸಬೇಕಾದ ಆಯ್ಕೆ ಅದು, ಮೊದಲ ಪ್ರಯತ್ನದಲ್ಲೇ ಬಳಸುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

'ಬ್ಯಾಡ್ ಸೂಪರ್‌ಬ್ಲಾಕ್' ಎಂಬ ಸಂದೇಶ ಕಂಡು ಎಲ್ಲ ಮುಗಿಯಿತು ಎಂದುಕೊಂಡವರಿದ್ದಾರೆ. ಮುಗಿದಿಲ್ಲ. ಸೂಪರ್‌ಬ್ಲಾಕ್ ಎಂದರೆ ಫೈಲ್ ಸಿಸ್ಟಂನ ಅಳತೆ, ಬ್ಲಾಕ್ ಗಾತ್ರ ಮುಂತಾದ ಮೂಲ ವಿವರ. ಇಎಕ್ಸ್‌ಟಿ4 ಇದರ ಪ್ರತಿಗಳನ್ನು ಡಿಸ್ಕಿನುದ್ದಕ್ಕೂ ಇಟ್ಟಿರುತ್ತದೆ. ಸಾಮಾನ್ಯ ಸಂರಚನೆಯಲ್ಲಿ 0 ಮತ್ತು 1ನೇ ಬ್ಲಾಕ್ ಗುಂಪಿನಲ್ಲಿ, ಆಮೇಲೆ 3, 5, 7ರ ಘಾತಗಳ ಗುಂಪಿನಲ್ಲಿ: 3, 5, 7, 9, 25, 27, 49, ಹೀಗೆ. ನಾಲ್ಕು ಕಿಲೋಬೈಟ್ ಬ್ಲಾಕ್ ಇರುವಲ್ಲಿ ಮೊದಲ ಪ್ರತಿ 32768ನೇ ಬ್ಲಾಕ್‌ನಲ್ಲಿ, ಒಂದು ಕಿಲೋಬೈಟ್ ಆದರೆ 8193ರಲ್ಲಿ. 'ಇ2ಎಫ್‌ಎಸ್‌ಸಿಕೆ -ಬಿ 32768' ಎಂದರೆ ಆ ಪ್ರತಿಯಿಂದ ಕೆಲಸ ಶುರು. ಮೊದಲ ಪ್ರತಿ ಹಾಳಾದರೂ ಉಳಿದವು ಇರಲಿ ಎಂದು ಮುಂದಾಲೋಚಿಸಿ ದೂರದೂರಕ್ಕೆ ಹರಡಿಟ್ಟವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಜಿಪಿಟಿ ಪಾರ್ಟಿಷನ್ ಪಟ್ಟಿಯೂ ಹೀಗೆಯೇ ತನ್ನ ಎರಡನೇ ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿ ಇಟ್ಟಿರುತ್ತದೆ. ಹಳೆಯ ಎಂಬಿಆರ್‌ಗೆ ಆ ಅನುಕೂಲವಿರಲಿಲ್ಲ, ಮೊದಲ 512 ಬೈಟ್‌ನಲ್ಲಿ ಬೂಟ್ ಕೋಡ್‌ಗೆ 446, ನಾಲ್ಕು ಪಾರ್ಟಿಷನ್‌ಗೆ 64, ಸಹಿಗೆ 2. ಅದು ಹೋದರೆ ಪಟ್ಟಿ ಹೋಯಿತು.

ಎಫ್‌ಎಸ್‌ಸಿಕೆ ಮುಗಿದ ಮೇಲೆ ಫೈಲುಗಳು ಕಾಣೆಯಾಗಿದ್ದರೆ 'ಲಾಸ್ಟ್+ಫೌಂಡ್' ಡೈರೆಕ್ಟರಿ ತೆರೆದು ನೋಡಿ. ಹೆಸರು ಕಳೆದುಕೊಂಡ ಫೈಲುಗಳು ಬರೀ ಇನೋಡ್ ಸಂಖ್ಯೆ ಹೊತ್ತು ಅಲ್ಲಿರುತ್ತವೆ. 'ಫೈಲ್' ಎಂಬ ಕಮಾಂಡ್ ಅವು ಚಿತ್ರವೋ ಪಠ್ಯವೋ ಎಂದು ಗುರುತಿಸಿ ಕೊಡುತ್ತದೆ.

ಡಿಸ್ಕೇ ಸಾಯುತ್ತಿದೆಯೆಂಬ ಅನುಮಾನವಿದ್ದರೆ ಎಫ್‌ಎಸ್‌ಸಿಕೆಯನ್ನು ಮುಟ್ಟಲೇಬೇಡಿ, ರಿಪೇರಿಯ ಓದು ಬರಹಗಳು ಅದರ ಉಳಿದ ಆಯುಷ್ಯವನ್ನೂ ತಿನ್ನುತ್ತವೆ. ಗ್ನೂ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ನಕಲು ಮಾಡಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ.

ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯನ್ನು ಎಷ್ಟು ನಂಬಬಹುದು? ಗೂಗಲ್‌ನ ಪಿನ್ಹೈರೊ, ವೇಬರ್, ಬರೋಸೊ ಎಂಬವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಮಾತಿವೆ. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್, ದೋಷವಿಲ್ಲದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚು. ಹಾಗೆಯೇ, ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅಂದರೆ ಎಚ್ಚರಿಕೆ ಬಂದರೆ ಕೂಡಲೇ ಡಿಸ್ಕ್ ಬದಲಾಯಿಸಿ, ಬಾರದಿದ್ದರೆ ನಿಶ್ಚಿಂತರಾಗಬೇಡಿ.

ಕ್ಲೌಡ್‌ನಲ್ಲಿರುವ ಸರ್ವರ್‌ಗೆ ಕೀಬೋರ್ಡ್ ಎಲ್ಲಿಂದ ಬರಬೇಕು? ಇಸಿ2ನಲ್ಲಿ 2021ರಿಂದ ಸೀರಿಯಲ್ ಕನ್ಸೋಲ್ ಇದೆ, ಆದರೆ ಮೊದಲೇ ಪಾಸ್‌ವರ್ಡ್ ಇಟ್ಟಿದ್ದರೆ ಮಾತ್ರ ಲಾಗಿನ್ ಸಾಧ್ಯ. ಎಲ್ಲ ಕಾಲಕ್ಕೂ ನಡೆಯುವ ದಾರಿ ಬೇರೆ: ಕೆಟ್ಟ ಯಂತ್ರವನ್ನು ನಿಲ್ಲಿಸಿ, ಸ್ನ್ಯಾಪ್‌ಶಾಟ್ ತೆಗೆದು, ಅದರ ರೂಟ್ ಡಿಸ್ಕ್ ಕಳಚಿ, ಇನ್ನೊಂದು ಯಂತ್ರಕ್ಕೆ ಎರಡನೇ ಡಿಸ್ಕ್ ಆಗಿ ಸೇರಿಸಿ, ಎಫ್‌ಎಸ್‌ಟ್ಯಾಬ್ ತಿದ್ದಿ, ಮತ್ತೆ ಮೂಲ ಜಾಗಕ್ಕೆ ಒಯ್ಯುವುದು. ಇಲ್ಲೊಂದು ಬಲೆಯಿದೆ. ಎರಡೂ ಯಂತ್ರಗಳು ಒಂದೇ ಇಮೇಜಿನಿಂದ ಹುಟ್ಟಿದ್ದರೆ ಎರಡು ರೂಟ್ ಡಿಸ್ಕ್‌ಗೂ ಒಂದೇ ಯುಯುಐಡಿ. ಆ ಸ್ಥಿತಿಯಲ್ಲಿ ಸಹಾಯಕ ಯಂತ್ರವನ್ನು ರೀಬೂಟ್ ಮಾಡಿದರೆ ಅದು ಕೆಟ್ಟ ಡಿಸ್ಕನ್ನೇ ತನ್ನ ರೂಟ್ ಎಂದು ಎತ್ತಿಕೊಳ್ಳಬಹುದು. ಸಹಾಯಕ ಯಂತ್ರಕ್ಕೆ ಬೇರೆ ಇಮೇಜ್ ಆರಿಸಿದರೆ ಈ ಪೇಚು ಬರುವುದೇ ಇಲ್ಲ.

ಸರ್ವರ್ ಪೂರ್ತಿ ಹೆಪ್ಪುಗಟ್ಟಿದಾಗ ನೇರವಾಗಿ ಪವರ್ ಬಟನ್ ಒತ್ತುವ ಮೊದಲು, ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಕೀಲಿಗಳನ್ನು ಹಿಡಿದು ಎಸ್, ಯು, ಬಿ ಒಂದೊಂದಾಗಿ ಒತ್ತಿ ನೋಡಿ. ಬಾಕಿ ಬರವಣಿಗೆ ಡಿಸ್ಕಿಗೆ ಹೋಗುತ್ತದೆ, ಫೈಲ್ ಸಿಸ್ಟಂ ಓದಲು ಮಾತ್ರ ಆಗುತ್ತದೆ, ಆಮೇಲೆ ರೀಬೂಟ್. ಈ ಸೌಲಭ್ಯವನ್ನು ಕರ್ನಲ್ ಸೆಟ್ಟಿಂಗ್‌ನಲ್ಲಿ ಮೊದಲೇ ತೆರೆದಿಟ್ಟಿರಬೇಕು.

ಎಫ್‌ಎಸ್‌ಟ್ಯಾಬ್ ತಿದ್ದಿದ ಮೇಲೆ 'ಮೌಂಟ್ -ಎ' ಓಡಿಸಿ ನೋಡುವವರು ಬಹಳ. ಒಳ್ಳೆಯದೇ, ಆದರೆ ಈಗಾಗಲೇ ಮೌಂಟ್ ಆಗಿರುವುದನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಓಡುತ್ತಿರುವ ಡಿಸ್ಕಿನ ಯುಯುಐಡಿ ತಪ್ಪಾಗಿ ತಿದ್ದಿದರೂ ಅದಕ್ಕೆ ಗೊತ್ತಾಗದೆ ಹೋಗಬಹುದು. 'ಫೈಂಡ್‌ಎಂಎನ್‌ಟಿ --ವೆರಿಫೈ' ಎಂಬ ಕಮಾಂಡ್ ಎಲ್ಲ ಸಾಲುಗಳನ್ನೂ ಓದಿ, ಸಿಗದ ಗುರುತು, ಇಲ್ಲದ ಡೈರೆಕ್ಟರಿ, ತಪ್ಪು ಫೈಲ್ ಸಿಸ್ಟಂ ಬಗೆ ಎಲ್ಲವನ್ನೂ ಹೇಳುತ್ತದೆ. ಓಡಲು ಕ್ಷಣಮಾತ್ರ ಸಾಕು, ಸರ್ವರ್‌ನ ಯಾವುದನ್ನೂ ಬದಲಾಯಿಸುವುದಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಹೊಣೆಯಲ್ಲಿರುವ ಪ್ರತಿ ಸರ್ವರ್‌ನಲ್ಲೂ ಆ ಕಮಾಂಡ್ ಒಮ್ಮೆ ಓಡಿಸಿ. ಎಫ್‌ಎಸ್‌ಟ್ಯಾಬ್‌ನ ಒಂದು ಪ್ರತಿಯನ್ನೂ 'ಎಲ್‌ಎಸ್‌ಬಿಎಲ್‌ಕೆ -ಎಫ್' ತೋರಿಸುವ ಡಿಸ್ಕ್ ಪಟ್ಟಿಯನ್ನೂ ಬೇರೊಂದು ಯಂತ್ರದಲ್ಲಿ ಉಳಿಸಿಡಿ. ತಿಂಗಳುಗಟ್ಟಲೆ ರೀಬೂಟ್ ಕಾಣದ ಸರ್ವರ್ ಇದ್ದರೆ ಬಳಕೆದಾರರಿಗೆ ಮೊದಲೇ ತಿಳಿಸಿ, ಬ್ಯಾಕಪ್ ಪರೀಕ್ಷಿಸಿ, ಜೊತೆಗಾರರು ಕಚೇರಿಯಲ್ಲಿರುವ ಹಗಲು ಹೊತ್ತಿನಲ್ಲಿ ನೀವೇ ಒಮ್ಮೆ ರೀಬೂಟ್ ಮಾಡಿ ನೋಡಿ.